ಚಂದ್ರ ಬರುವವರೆಗೆ

ಸಂಕಷ್ಟಿಯ ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ಬೆಂಗಳೂರಿನ ಹಳೆಯ ಬಡಾವಣೆಗಳ ತಾರಸಿ ನೋಡಬೇಕು. ಒಬ್ಬರು ಪಂಚಪಾತ್ರೆ ಹಿಡಿದು ನಿಂತಿರುತ್ತಾರೆ. ಇನ್ನೊಬ್ಬರು ಪಕ್ಕದ ಮನೆಯ ನೀರಿನ ಟ್ಯಾಂಕಿನ ಸಂದಿಯಲ್ಲಿ ಕತ್ತು ಉದ್ದ ಮಾಡಿ ಇಣುಕುತ್ತಿರುತ್ತಾರೆ. ಕೆಳಗಿನಿಂದ ಮೊಮ್ಮಗನ ಕೂಗು: “ಅಜ್ಜೀ, ಬಂದನಾ?”

“ಇನ್ನೂ ಇಲ್ಲ ಕಣೋ. ತೆಂಗಿನಮರದ ಹಿಂದೆ ಬೆಳ್ಳಗೆ ಕಾಣ್ತಿದೆ. ನೀನು ಒಲೆ ಸಣ್ಣ ಮಾಡು, ಸಾರು ಉಕ್ಕೀತು.”

ಮದುವೆ ಗೊತ್ತಾಗದವರಿಗೆ, ಮಗುವಾಗದವರಿಗೆ, ಪರೀಕ್ಷೆ ಬರೆದು ಆಯ್ಕೆ ಪಟ್ಟಿಗೆ ಕಾದವರಿಗೆ, ಕೋರ್ಟಿನ ವಾಯಿದೆ ಮುಂದೆ ಮುಂದೆ ಹೋಗುತ್ತಿರುವವರಿಗೆ ಊರೆಲ್ಲ ಕೊಡುವ ಸಲಹೆ ಒಂದೇ: “ದೇವರ ಮೇಲೆ ಭಾರ ಹಾಕು, ತಾಳ್ಮೆ ಇರಲಿ.” ಭಾರ ಹಾಕುವುದು ಹೇಗೆ, ತಾಳ್ಮೆಯಿಂದ ಇರುವಾಗ ಕೈಗೇನು ಕೆಲಸ, ಬೆಳಗ್ಗೆ ಎದ್ದು ಮೊದಲು ಮಾಡಬೇಕಾದ್ದೇನು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಸಂಕಷ್ಟಿ, ಅಂದರೆ ಚಂದ್ರ ಮೂಡಿ ಅರ್ಘ್ಯ ಕೊಡುವವರೆಗೆ ಉಪವಾಸವಿರುವ ಗಣಪತಿಯ ವ್ರತ ಸಂಕಷ್ಟಹರ ಚತುರ್ಥಿ, ಹೇಳುತ್ತದೆ. ಅದರಲ್ಲಿ ಕಾಯುವುದಕ್ಕೊಂದು ಹೊತ್ತಿದೆ, ಪಾತ್ರೆಯಿದೆ, ಲೆಕ್ಕವಿದೆ. ತಾಳ್ಮೆಯನ್ನು ಹಾಡಿ ಹೊಗಳುವ ಬದಲು ಹದಿನೈದು ಗಂಟೆಯ ಕೆಲಸ ಮಾಡಿ ಕೈಗೆ ಕೊಡುತ್ತದೆ. ತಿಂಗಳಿಗೊಮ್ಮೆ ಚಂದ್ರನಿಗಾಗಿ ಸರಿಯಾಗಿ ಕಾಯಲು ಬಂದವರಿಗೆ ದೊಡ್ಡದಕ್ಕೆ ಕಾಯುವುದೂ ಬರುತ್ತದೆ. ಆದರೆ ಆ ‘ಸರಿಯಾಗಿ’ ಎಂಬಲ್ಲೇ ಬಹಳ ಜನ ಎಡವುತ್ತಾರೆ.

ಯಾವ ದಿನ, ಎಷ್ಟು ಹೊತ್ತಿಗೆ

ಹುಣ್ಣಿಮೆಯ ನಂತರ ಬರುವ ಚೌತಿ ಸಂಕಷ್ಟಿ. ವರ್ಷಕ್ಕೆ 12, ಅಧಿಕ ಮಾಸ ಬಂದ ವರ್ಷ 13. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಒಂದು ಹೆಚ್ಚು. ಮಂಗಳವಾರ ಬಿದ್ದರೆ ಅಂಗಾರಕ ಸಂಕಷ್ಟಿ. ಅದು ವರ್ಷಕ್ಕೆ ಒಂದೋ ಎರಡೋ, ಅಪರೂಪಕ್ಕೆ ಮೂರು.

ಮೊದಲ ತಪ್ಪು ದಿನ ಹಿಡಿಯುವುದರಲ್ಲೇ ಆಗುತ್ತದೆ. ಹೆಚ್ಚಿನ ಹಬ್ಬಗಳಿಗೆ ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂದು ನೋಡಿ ರೂಢಿ. ಸಂಕಷ್ಟಿಗೆ ಚಂದ್ರೋದಯದ ಹೊತ್ತಿಗೆ ಚೌತಿ ಇರಬೇಕು. ಹಾಗಾಗಿ ಕ್ಯಾಲೆಂಡರಿನಲ್ಲಿ ‘ತದಿಗೆ’ ಎಂದು ಅಚ್ಚಾದ ದಿನವೇ ಎಷ್ಟೋ ಸಲ ಸಂಕಷ್ಟಿ ಬರುತ್ತದೆ, ಏಕೆಂದರೆ ತದಿಗೆ ಮಧ್ಯಾಹ್ನಕ್ಕೋ ಸಂಜೆಗೋ ಮುಗಿದು ರಾತ್ರಿಗೆ ಚೌತಿ ಕೂತಿರುತ್ತದೆ. ಬರಿಯ ತಿಥಿಯ ಸಾಲು ನೋಡಿ ಮರುದಿನ ಉಪವಾಸ ಮಾಡಿದವರು ಆ ರಾತ್ರಿ ಪಂಚಮಿಯ ಚಂದ್ರನಿಗೆ ಅರ್ಘ್ಯ ಕೊಟ್ಟಿರುತ್ತಾರೆ. ಪಂಚಾಂಗದಲ್ಲಿ ‘ಸಂಕಷ್ಟಹರ ಚತುರ್ಥಿ’ ಎಂದು ಬರೆದ ದಿನವನ್ನೇ ನಂಬಿ.

ಇನ್ನು ಗಂಟೆ. ಬೆಂಗಳೂರಿನಲ್ಲಿ ಸಂಕಷ್ಟಿಯ ಚಂದ್ರೋದಯ ಕಾಲಕ್ಕೆ ತಕ್ಕಂತೆ ರಾತ್ರಿ ಎಂಟರ ಸುಮಾರಿನಿಂದ ಹತ್ತು ದಾಟುವವರೆಗೂ ಓಡಾಡುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೇಗ. ಏಪ್ರಿಲ್, ಮೇ ತಿಂಗಳಲ್ಲಿ ತಡ. ಕಳೆದ ಸಲ ಎಂಟೂಕಾಲಿಗೆ ಬಂದಿದ್ದನಲ್ಲ ಎಂದು ಈ ಸಲವೂ ಅಷ್ಟು ಹೊತ್ತಿಗೇ ಎಲೆ ಹಾಕಿಕೊಂಡು ಕೂತರೆ ಮೈಯೆಲ್ಲ ಚಡಪಡಿಕೆ. ಕ್ಯಾಲೆಂಡರಿನ ಸಮಯ ಬಹುಪಾಲು ಒಂದು ಊರಿನ ಲೆಕ್ಕ. ರೇಖಾಂಶದಲ್ಲಿ ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ನಾಲ್ಕು ನಿಮಿಷ ತಡ. ಬೆಂಗಳೂರಿಗಿಂತ ಮಂಗಳೂರು, ಬೆಳಗಾವಿಗಳಲ್ಲಿ ಚಂದ್ರ ಹತ್ತು ಹನ್ನೆರಡು ನಿಮಿಷ ಹಿಂದೆ. ಹೊರದೇಶದಲ್ಲಿರುವವರು ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಗಂಟೆಯನ್ನು ಹಾಗೆಯೇ ಹಿಡಿಯಬಾರದು. ಲಂಡನ್ನಿನಲ್ಲಿ ಜೂನ್ ತಿಂಗಳ ಸಂಕಷ್ಟಿಯ ಚಂದ್ರ ನಡುರಾತ್ರಿಯ ಹತ್ತಿರ ಬರುತ್ತಾನೆ, ಸೆಪ್ಟೆಂಬರಿನಲ್ಲಿ ಎಂಟು ಗಂಟೆಯ ಆಸುಪಾಸಿಗೇ ಬಂದುಬಿಡುತ್ತಾನೆ. ಅಮೆರಿಕದಲ್ಲಂತೂ ಕೆಲವು ತಿಂಗಳು ಸಂಕಷ್ಟಿ ಇಲ್ಲಿನ ತಾರೀಕಿಗಿಂತ ಒಂದು ದಿನ ಮೊದಲೇ ಬೀಳುತ್ತದೆ. ಇರುವ ಊರಿನ ಪಂಚಾಂಗ ನೋಡಿಕೊಳ್ಳಬೇಕು.

ಅಚ್ಚಾದ ಸಮಯ ಬಯಲಿನ ಅಂಚಿನಲ್ಲಿ ಚಂದ್ರ ಮೂಡುವ ಸಮಯ. ನಿಮ್ಮ ಕಣ್ಣಿಗೆ ಬೀಳುವ ಸಮಯ ಅದಲ್ಲ. ಚಂದ್ರ ಗಂಟೆಗೆ ಹದಿನಾಲ್ಕು ಹದಿನೈದು ಡಿಗ್ರಿ ಮೇಲೇರುತ್ತಾನೆ. ಪೂರ್ವಕ್ಕೆ ಇಪ್ಪತ್ತು ಮೀಟರ್ ದೂರದಲ್ಲಿ ನಾಲ್ಕಂತಸ್ತಿನ ಕಟ್ಟಡವಿದ್ದರೆ ನೆಲಮಹಡಿಯ ಕಿಟಕಿಗೆ ಅವನು ಕಾಣುವಷ್ಟರಲ್ಲಿ ಹೆಚ್ಚೂಕಡಿಮೆ ಎರಡು ಗಂಟೆ ಕಳೆದಿರುತ್ತದೆ. ಅದಕ್ಕೇ ತಾರಸಿ. ಅಪಾರ್ಟ್‌ಮೆಂಟಿನವರು ಬೆಳಗ್ಗೆಯೇ ಮೇಲಿನ ಬಾಗಿಲ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಅರ್ಘ್ಯದ ತಂಬಿಗೆ ಹಿಡಿದು ವಾಚ್‌ಮನ್ ಹುಡುಕುವ ಕಷ್ಟ ಉಪವಾಸಕ್ಕಿಂತ ದೊಡ್ಡದು.

ಬೆಳಗಿನ ಸಂಕಲ್ಪ, ಸಂಜೆಯ ತಲೆನೋವು

ಸ್ನಾನ, ದೀಪ, ಸಂಕಲ್ಪ. ಸಂಕಲ್ಪದಲ್ಲಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಲ್ಲ ಹೇಳಿ ‘ನಾನು ಈಗ ಇಲ್ಲಿದ್ದೇನೆ’ ಎಂದು ಮೊದಲು ವಿಳಾಸ ಕೊಡುತ್ತೇವೆ. ಆಮೇಲೆ ಬರುವ ಬೇಡಿಕೆಗಳ ಸಾಲನ್ನು ಒಮ್ಮೆ ಕಿವಿಗೊಟ್ಟು ಕೇಳಿ: ಕ್ಷೇಮ, ಸ್ಥೈರ್ಯ, ವೀರ್ಯ, ವಿಜಯ... ಆಯುರಾರೋಗ್ಯ, ಐಶ್ವರ್ಯ ಅದರ ನಂತರ. ಗೆಲುವು ಕೇಳುವ ಮುಂಚೆಯೇ ಸ್ಥೈರ್ಯ ಕೇಳಿ ಆಗಿರುತ್ತದೆ. ಪುರೋಹಿತರ ವೇಗಕ್ಕೆ ಅದು ನಮ್ಮ ಕಿವಿಗೆ ಬೀಳುವುದೇ ಇಲ್ಲ, ಅಷ್ಟೆ. ಮನೆಯಲ್ಲಿ ನೀವೇ ಮಾಡಿಕೊಳ್ಳುವಾಗ ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ. ಇವತ್ತಿನ ತಿಥಿ, ನಿಮ್ಮ ಹೆಸರು, ಬೇಡುವುದು ಒಂದೇ ಒಂದು ವಿಷಯ, ಎಲ್ಲಿಯವರೆಗೆ ಉಪವಾಸ. ನಾಲ್ಕು ವಾಕ್ಯ ಸಾಕು. ಕೆಲಸ, ಸೈಟು, ತಂಗಿಯ ಮದುವೆ, ಸೊಂಟನೋವು ಎಲ್ಲವನ್ನೂ ಒಂದೇ ಸಂಕಲ್ಪಕ್ಕೆ ತುರುಕಿದರೆ ದಿನವಿಡೀ ಮನಸ್ಸು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಉಪವಾಸದಲ್ಲಿ ಮೂರು ಬಗೆ ರೂಢಿಯಲ್ಲಿದೆ. ಬರಿಯ ನೀರು, ಹಾಲು ಹಣ್ಣು, ಮಧ್ಯಾಹ್ನ ಒಮ್ಮೆ ಫಲಾಹಾರ. ಮೊದಲ ಸಲ ಮಾಡುವವರಿಗೆ ಮೂರನೆಯದು. ಹಸಿವಿನ ಸ್ವಭಾವ ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ. ಅದು ದಿನವೂ ಉಣ್ಣುವ ಹೊತ್ತಿಗೆ ಏಳುತ್ತದೆ, ಅರ್ಧ ಮುಕ್ಕಾಲು ಗಂಟೆ ಕಾಡುತ್ತದೆ, ಏನೂ ಕೊಡದಿದ್ದರೆ ತಾನೇ ತಗ್ಗುತ್ತದೆ. ಒಂಬತ್ತಕ್ಕೆ ತಿಂಡಿ ತಿನ್ನುವವರಿಗೆ ಒಂಬತ್ತಕ್ಕೆ ಸಂಕಟ, ಹತ್ತಕ್ಕೆ ಹಗುರ. ಒಂದೇ ಸಮ ಏರುತ್ತಲೇ ಹೋಗುತ್ತದೆ ಎಂಬ ಭಯಕ್ಕೇ ಹೆಚ್ಚಿನವರು ಹನ್ನೊಂದಕ್ಕೆ ಉಪವಾಸ ಮುರಿಯುವುದು. ದೊಡ್ಡ ಕಾಯುವಿಕೆಯ ಸಂಕಟವೂ ಹೀಗೇ ಅಲೆ ಅಲೆಯಾಗಿ ಬರುತ್ತದೆ: ಯಾರದೋ ಸೀಮಂತದ ಕರೆಯೋಲೆ ಬಂದ ಸಂಜೆ, ಜೊತೆಗೆ ಓದಿದವನಿಗೆ ಕೆಲಸದ ಆರ್ಡರ್ ಬಂದ ದಿನ. ಆ ಮುಕ್ಕಾಲು ಗಂಟೆಯಲ್ಲಿ ಯಾವ ನಿರ್ಧಾರವನ್ನೂ ಮಾಡದಿದ್ದರೆ ಸಾಕು. ಯಾರಿಗೂ ಫೋನ್ ಮಾಡಬೇಡಿ, ಹೊಸ ಜ್ಯೋತಿಷಿಯನ್ನು ಹುಡುಕಬೇಡಿ.

ಸಂಜೆ ನಾಲ್ಕರ ತಲೆನೋವಿಗೆ ಕಾರಣ ಮುಕ್ಕಾಲುಪಾಲು ಕಾಫಿ. ಕೊನೆಯ ಲೋಟ ಕುಡಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದು ಶುರುವಾಗುತ್ತದೆ. ದಿನಕ್ಕೆ ಮೂರು ಲೋಟದವರು ಎರಡು ದಿನ ಮೊದಲೇ ಎರಡಕ್ಕೆ, ಹಿಂದಿನ ದಿನ ಒಂದಕ್ಕೆ ಇಳಿಸಿದರೆ ಆಯಿತು. ಇಲ್ಲವೆ ಬೆಳಗ್ಗೆ ಅರ್ಧ ಲೋಟ ಕುಡಿಯಿರಿ. ಬಹಳ ಮನೆಗಳಲ್ಲಿ ಕಾಫಿಗೆ ಉಪವಾಸ ಕೆಡುವುದಿಲ್ಲ. ನೀರು ಎರಡು ಲೀಟರಿಗೆ ಕಡಿಮೆಯಾಗದಿರಲಿ, ಮಜ್ಜಿಗೆಯೋ ಎಳನೀರೋ ಜೊತೆಗಿರಲಿ.

ಫಲಾಹಾರಕ್ಕೆ ಸಬ್ಬಕ್ಕಿ ಮಾಡುವವರಿಗೆ ಒಂದು ಮಾತು. ಒಂದು ಲೋಟ ಸಬ್ಬಕ್ಕಿಯನ್ನು ಬಿಳಿ ನೀರು ಹೋಗುವವರೆಗೆ ಎರಡು ಮೂರು ಸಲ ತೊಳೆದು, ಮುಕ್ಕಾಲು ಲೋಟ ನೀರು ಹಾಕಿ ನಾಲ್ಕೈದು ಗಂಟೆ ನೆನೆಯಲು ಬಿಡಿ. ಬೆಳಗ್ಗೆ ಎಂಟಕ್ಕೆ ಸಂಕಲ್ಪ ಮುಗಿಸಿ ನೆನೆಹಾಕಿದರೆ ಒಂದು ಗಂಟೆಗೆ ಹದ. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ನಡುವೆ ಗಟ್ಟಿ ಉಳಿಯದೆ ಅಪ್ಪಚ್ಚಿಯಾಗಬೇಕು. ಹೊತ್ತಾಯಿತೆಂದು ಬಿಸಿನೀರು ಸುರಿದು ಅವಸರ ಮಾಡಿದಿರೋ, ಬಾಣಲೆಯಲ್ಲಿ ಅಂಟಿನ ಮುದ್ದೆ. ಹುರಿದು ತರಿಯಾಗಿ ಪುಡಿ ಮಾಡಿದ ಕಡಲೆಕಾಯಿ ಬೀಜ ಅರ್ಧ ಲೋಟ ಬೆರೆಸಿ. ಬರಿಯ ಸಬ್ಬಕ್ಕಿ ಪೂರ್ತಿ ಪಿಷ್ಟ, ತಿಂದು ಎರಡು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಹೊಟ್ಟೆ ತಾಳ ಹಾಕುತ್ತದೆ; ಬೀಜ ಸೇರಿದರೆ ಚಂದ್ರೋದಯದವರೆಗೆ ಎಳೆಯುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲು ಕೊಡುವವರು ಈ ಸಾಹಸಕ್ಕೆ ಇಳಿಯಬಾರದು. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವುದಿದೆ. ವ್ರತ ಬೇಕೇ ಬೇಕೆಂದರೆ ಡಾಕ್ಟರನ್ನು ಕೇಳಿ, ಊಟ ಬಿಡದೆ ಪೂಜೆ, ಜಪ, ಅರ್ಘ್ಯ ಇಟ್ಟುಕೊಳ್ಳಿ. ಚಂದ್ರನಿಗೆ ಕಾಯುವುದಕ್ಕೆ ಹೊಟ್ಟೆ ಖಾಲಿ ಇರಲೇಬೇಕೆಂದಿಲ್ಲ.

ನಿಜವಾದ ಪರೀಕ್ಷೆ ಏಳು ಗಂಟೆಯಿಂದ ಮುಂದಕ್ಕೆ. ಹಗಲಿಡೀ ಸುಮ್ಮನಿದ್ದವರು ಕೊನೆಯ ಒಂದೂವರೆ ಗಂಟೆಯಲ್ಲಿ ಮಕ್ಕಳ ಮೇಲೆ ರೇಗುತ್ತಾರೆ. ಕೆಲಸವಿಲ್ಲದೆ ಗಡಿಯಾರ ನೋಡುತ್ತ ಕೂರುವುದೇ ಇದಕ್ಕೆ ಮೂಲ. ಆದ್ದರಿಂದ ದಿನದ ಕೈಗೆಲಸವನ್ನೆಲ್ಲ ಈ ಹೊತ್ತಿಗೆ ಉಳಿಸಿಡಿ. ಗರಿಕೆ ಆರಿಸುವುದನ್ನೇ ತೆಗೆದುಕೊಳ್ಳಿ. ಮಾರುಕಟ್ಟೆಯ ಕಟ್ಟು ಬಿಚ್ಚಿದರೆ ಅರ್ಧ ಒಣಹುಲ್ಲು, ಬೇರು, ಮಣ್ಣು. ಅದರಲ್ಲಿ ಮೂರು ಎಸಳಿನ ಎಳೆಯ ಕುಡಿಗಳನ್ನು ಬಿಡಿಸಿ, ತೊಳೆದು, 21 ಎಣಿಸಿ, ಬುಡ ಸಮ ಮಾಡಿ ದಾರ ಸುತ್ತಲು ಇಪ್ಪತ್ತು ನಿಮಿಷ ಬೇಕು. ಕಡುಬು ಮಾಡುವವರಿಗೆ ಹೂರಣಕ್ಕೆ ಕಾಯಿ ತುರಿ ಒಂದು ಲೋಟಕ್ಕೆ ಬೆಲ್ಲ ಮುಕ್ಕಾಲು ಲೋಟ, ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ. 21 ಮಡಿಸುವುದರೊಳಗೆ ಎಂಟೂವರೆ. ಅಡುಗೆ ಇನ್ನೊಬ್ಬರದಾದರೆ ಜಪ: 108 ಮಣಿಯ ಒಂದು ಸುತ್ತು ‘ಓಂ ಗಂ ಗಣಪತಯೇ ನಮಃ’ ಅವಸರವಿಲ್ಲದೆ ಮುಗಿಯಲು ಆರೇಳು ನಿಮಿಷ. ಒಂದು ಗಂಟೆಗೆ ಎಂಟು ಸುತ್ತು. ಸರ ಕೂಡುವಲ್ಲಿರುವ ಮೇರು ಮಣಿ ದಾಟದೆ ಸರ ತಿರುಗಿಸಿಕೊಳ್ಳಿ. ಗಣಪತಿ ಅಥರ್ವಶೀರ್ಷ ಮಂತ್ರದ 21 ಆವರ್ತನೆ ಒಬ್ಬರೇ ಹೇಳಿದರೆ ಎರಡೂವರೆ ಗಂಟೆ ಹಿಡಿಯುತ್ತದೆ. ಏಳಕ್ಕೆ ಶುರು ಮಾಡಿ ಒಂಬತ್ತಕ್ಕೆ ಚಂದ್ರ ಬಂದಾಗ ಹದಿನಾರರಲ್ಲಿ ಸಿಕ್ಕಿಕೊಂಡವರು ಬೇಕಾದಷ್ಟಿದ್ದಾರೆ.

ಒಂದು ಸಣ್ಣ ವಿಷಯ: ಗಣಪತಿಗೆ ತುಳಸಿ ಏರಿಸುವ ರೂಢಿಯಿಲ್ಲ. ಕೆಂಪು ದಾಸವಾಳ, ಎಕ್ಕ ನಡೆಯುತ್ತವೆ.

ಹರಕೆ ಬೇರೆ, ವ್ರತ ಬೇರೆ

‘ಇಂಥದ್ದು ಆದರೆ ಇಂಥದ್ದು ಕೊಡುತ್ತೇನೆ’ ಎಂಬುದು ಹರಕೆ. ‘ಇಷ್ಟು ದಿನ ಹೀಗಿರುತ್ತೇನೆ’ ಎಂಬುದು ವ್ರತ. ಹರಕೆಯಲ್ಲಿ ಫಲ ಬರುವವರೆಗೆ ನಿಮಗೆ ಕೆಲಸವಿಲ್ಲ, ವ್ರತದಲ್ಲಿ ಫಲ ಬಂದರೂ ಬಾರದಿದ್ದರೂ ಕೆಲಸವಿದೆ. ಎರಡೂ ನಮ್ಮವೇ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಬಳಿಯ ಸೌತಡ್ಕದಲ್ಲಿ ಗಣಪತಿಗೆ ಗುಡಿಯಿಲ್ಲ, ಬಯಲಲ್ಲೇ ಕೂತಿದ್ದಾನೆ. ಸುತ್ತ ಸಾಲುಸಾಲಾಗಿ ತೂಗುವ ಗಂಟೆಗಳು ಹರಕೆ ತೀರಿಸಿದವರು ಕಟ್ಟಿದವು. ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಕಾಯುವ ಕಾಲವನ್ನು ದಾಟಿಸುವ ಬಲ ವ್ರತಕ್ಕೆ ಹೆಚ್ಚು ಎನ್ನುವುದು ನನ್ನ ಅಭಿಪ್ರಾಯ, ಕಾರಣ ಅದು ದಿನಕ್ಕೊಂದು ಕೆಲಸ ಕೊಡುತ್ತದೆ.

ಹರಕೆ ಕೆಡುವುದು ಹೊತ್ತುಕೊಳ್ಳುವ ಗಳಿಗೆಯಲ್ಲಿ. ಐಸಿಯು ಬಾಗಿಲಲ್ಲಿ ನಿಂತು 1001 ತೆಂಗಿನಕಾಯಿ, ಬೆಳ್ಳಿ ಕಿರೀಟ, ಊರೆಲ್ಲ ಊಟ ಎಂದುಬಿಡುತ್ತಾರೆ. ಗಂಡಾಂತರ ಕಳೆದ ಮೇಲೆ ಅದು ಸಾಲದ ಹಾಗೆ ತಲೆಯ ಮೇಲೆ ಕೂರುತ್ತದೆ. ಆಮೇಲೆ ಮಗುವಿಗೆ ಜ್ವರ ಬಂದರೂ “ಹರಕೆ ಬಾಕಿ ಇದೆಯಲ್ಲ, ಅದಕ್ಕೇ” ಎಂಬ ಹೆದರಿಕೆ. ಅಲ್ಲಿಗೆ ದೇವರು ನಾವು ನಂಬುವವನಾಗಿ ಉಳಿಯದೆ ವಸೂಲಿಗೆ ಬರುವವನಾದ. ನಿಮ್ಮ ಒಂದು ತಿಂಗಳ ಉಳಿತಾಯ ಮೀರುವ ಯಾವ ಹರಕೆಯನ್ನೂ ಆತಂಕದಲ್ಲಿ ಬಾಯಿಬಿಟ್ಟು ಹೇಳಬೇಡಿ. ಇನ್ನೊಬ್ಬರ ಮೈಮೇಲೆ ಹೊರಿಸುವ ಹರಕೆಯೂ ಬೇಡ. ಉರುಳುಸೇವೆ ಹೊತ್ತವರು ಅತ್ತೆ, ಉರುಳಬೇಕಾದವಳು ಸೊಸೆ ಎಂದರೆ ಯಾವ ನ್ಯಾಯ?

ಮಾತು ಕೊಟ್ಟಾಗಿದ್ದರೆ ಮುಡಿಪು ಕಟ್ಟಿ. ಅಂಗೈಯಗಲದ ಬಿಳಿ ಬಟ್ಟೆಯನ್ನು ಅರಿಸಿನದ ನೀರಿಗೆ ಅದ್ದಿ ಪೂರ್ತಿ ಒಣಗಿಸಿ, ಅದರಲ್ಲಿ ಹನ್ನೊಂದು ರೂಪಾಯಿ ಇಟ್ಟು ಗಂಟು ಹಾಕಿ ದೇವರ ಗೂಡಿನಲ್ಲಿಡುವುದು. ಬಟ್ಟೆ ಹಸಿಯಾಗಿದ್ದರೆ ಬೂಷ್ಟು ಹಿಡಿಯುತ್ತದೆ, ಅಕ್ಕಿ ಕಾಳು ಹಾಕಿದ್ದರೆ ಹುಳು. ಎಲ್ಲಕ್ಕಿಂತ ಸಾಮಾನ್ಯ ಎಡವಟ್ಟು ಬೇರೆಯೇ. ಮೂರು ವರ್ಷ ಕಳೆದು ಗೂಡಿನಲ್ಲಿ ನಾಲ್ಕು ಹಳದಿ ಗಂಟು ಸಿಗುತ್ತವೆ, ಯಾವುದು ಇಡಗುಂಜಿಗೆ, ಯಾವುದು ಆನೆಗುಡ್ಡೆಗೆ, ಯಾವುದು ಕುರುಡುಮಲೆಗೆ ಎಂದು ಒಬ್ಬರಿಗೂ ನೆನಪಿಲ್ಲ. ಗಂಟಿನೊಳಗೆ ಒಂದು ಚೀಟಿ ಇರಲಿ: ದೇವರು, ಊರು, ಏನೆಂದು ಹೇಳಿಕೊಂಡದ್ದು, ತಾರೀಕು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ತುಸು ತೇವ ತಗುಲಿದರೂ ಹರಡುತ್ತದೆ.

ವ್ರತಕ್ಕೆ ಅವಧಿ ಇಟ್ಟುಕೊಳ್ಳುವುದಾದರೆ 21 ಸಂಕಷ್ಟಿ ಎಂಬ ಲೆಕ್ಕ ಬಹಳ ಕಡೆ ಇದೆ, ಕೊನೆಗೆ ಉದ್ಯಾಪನೆ. ಒಂದು ಸಂಕಷ್ಟಿಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ; ಮೊದಲನೆಯದರಿಂದ ಇಪ್ಪತ್ತೊಂದನೆಯದಕ್ಕೆ 590 ದಿನಗಳಷ್ಟು, ಒಂದು ವರ್ಷ ಏಳೂವರೆ ತಿಂಗಳು. ಇದನ್ನು ಶುರುವಿನಲ್ಲೇ ಲೆಕ್ಕ ಹಾಕಿ ತಿಳಿದುಕೊಂಡಿರಬೇಕು. ‘21 ವಾರ’ದ ಗುಂಗಿನಲ್ಲಿ ಐದು ತಿಂಗಳಿಗೆ ಮುಗಿಯುತ್ತದೆಂದು ಹೊರಟವರು ಆರನೆಯ ತಿಂಗಳಿಗೆ ಸೋಲುತ್ತಾರೆ. ಸಂಕಟನಾಶನ ಗಣೇಶ ಸ್ತೋತ್ರದ ಫಲಶ್ರುತಿಯಲ್ಲೂ ಆರು ತಿಂಗಳು, ಒಂದು ಸಂವತ್ಸರ ಎಂದೇ ಇದೆ, ನಾಳೆ ಬೆಳಗ್ಗೆ ಎಂದಿಲ್ಲ. ನಡುವೆ ಒಂದು ತಪ್ಪಿದರೆ, ಸೂತಕ ಬಂತು, ಪ್ರಯಾಣ ಬಂತು, ಜ್ವರ ಬಂತು ಎಂದರೆ, ಮೊದಲಿನಿಂದ ಎಣಿಸಬೇಕಿಲ್ಲ, ಕೊನೆಗೊಂದು ಸೇರಿಸಿ. ‘ಒಂದು ಅಂಗಾರಕಿ ಮಾಡಿದರೆ 21 ಮಾಡಿದ ಪುಣ್ಯ’ ಎಂಬ ಮಾತು ಹಿಡಿದು ಮಂಗಳವಾರ ಮಾತ್ರ ದೇವಸ್ಥಾನಕ್ಕೆ ಮುಗಿಬೀಳುವವರ ಬಗ್ಗೆ ಏನು ಹೇಳುವುದು? ಕಾಯುವುದನ್ನು ಕಲಿಸುವ ವ್ರತದಲ್ಲೂ ಅಡ್ಡದಾರಿ ಹುಡುಕಿದ ಹಾಗಾಯಿತು.

ಮೋಡ ಕವಿದರೆ

ಆಷಾಢ, ಶ್ರಾವಣದಲ್ಲಿ ಕರಾವಳಿ, ಮಲೆನಾಡಿನವರಿಗೆ ಸಂಕಷ್ಟಿಯ ಚಂದ್ರ ಕಾಣುವುದೇ ಅಪರೂಪ. ಪಂಚಾಂಗ ಒಂಬತ್ತು ಹತ್ತಕ್ಕೆ ಎನ್ನುತ್ತದೆ, ಹೊರಗೆ ಹೆಂಚಿನ ಮೇಲೆ ಮಳೆ. ಕೆಲವರು ಹನ್ನೆರಡರವರೆಗೆ ಕಾದು ಹಾಗೇ ಮಲಗಿಬಿಡುತ್ತಾರೆ. ಹಾಗೆ ಮಾಡಬೇಕಿಲ್ಲ. ಚಂದ್ರೋದಯದ ಸಮಯ ಕಳೆದು ಹತ್ತು ಹದಿನೈದು ನಿಮಿಷ ಬಿಟ್ಟು, ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಲ್ಲಿ ಚಂದ್ರನ ಆಕಾರ ಬರೆದು, ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ ಕೊಡುತ್ತಾರೆ. ಈಶ್ವರನ ತಲೆಯ ಚಂದ್ರನನ್ನು ನೋಡಿ ಕೈಮುಗಿಯುವ ರೂಢಿಯೂ ಇದೆ.

ತಾಮ್ರದ ತಂಬಿಗೆಯಲ್ಲಿ ನೀರು, ಅದಕ್ಕೆ ಒಂದು ಚಮಚ ಹಾಲು, ಚಿಟಿಕೆ ಗಂಧ, ಅಕ್ಷತೆ, ಒಂದು ಕೆಂಪು ಹೂವಿನ ಎಸಳು. ಗಣಪತಿಗೆ, ಚತುರ್ಥಿ ತಿಥಿಗೆ, ಚಂದ್ರನಿಗೆ ಹೀಗೆ ಮೂವರಿಗೆ; ಎಷ್ಟೆಷ್ಟು ಸಲ ಎನ್ನುವುದು ಮನೆಯಿಂದ ಮನೆಗೆ ಬೇರೆ. ಈ ಮೂವರಲ್ಲಿ ನಡುವಿನ ಹೆಸರು ನನಗೆ ಯಾವಾಗಲೂ ಸೋಜಿಗ. ದೇವರಿಗೆ, ಗ್ರಹಕ್ಕೆ ಸರಿ, ಅರ್ಘ್ಯ ಹೊತ್ತಿಗೂ ಸಲ್ಲುತ್ತದೆ. ಹಾಲು ಜಾಸ್ತಿ ಹಾಕಿದರೆ ತಾರಸಿಯಲ್ಲಿ ಮರುದಿನ ಇರುವೆ ಸಾಲು. ಅರ್ಘ್ಯದ ನೀರು ಒಂದು ಬೋಗುಣಿಗೆ ಬೀಳುವಂತೆ ಬಿಟ್ಟು ಬೆಳಗ್ಗೆ ಗಿಡದ ಬುಡಕ್ಕೆ ಹಾಕಿ.

ಕಾಣದ ಚಂದ್ರನಿಗೆ ಕೊಡುವ ಈ ಅರ್ಘ್ಯದಲ್ಲಿ ನಂಬಿಕೆ ಎಂಬ ಮಾತಿಗೆ ಕಣ್ಣಿಗೆ ಕಾಣುವ ಒಂದು ರೂಪ ಸಿಗುತ್ತದೆ. ಅವನು ಮೋಡದ ಹಿಂದೆ ಬಂದಿದ್ದಾನೆಂದು ನಿಮಗೆ ಗೊತ್ತು, ಲೆಕ್ಕ ಹೇಳಿದೆ. ಆಕಾಶ ಅದಕ್ಕೆ ಸಾಕ್ಷಿ ಹೇಳುತ್ತಿಲ್ಲ, ಅಷ್ಟೆ. ಗೋಕರ್ಣದ ಸ್ಥಳಪುರಾಣದಲ್ಲಿ ಇದರ ತಲೆಕೆಳಗಾದ ಕಥೆ ಇದೆ. ಆತ್ಮಲಿಂಗ ಹೊತ್ತು ಬರುತ್ತಿದ್ದ ರಾವಣನಿಗೆ ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆ ಮಾಡಿದ. ಸಂಜೆಯಾಯಿತೆಂದು ರಾವಣ ಸಂಧ್ಯಾವಂದನೆಗೆ ಅವಸರಪಟ್ಟು, ದನ ಕಾಯುವ ಹುಡುಗನಂತೆ ಬಂದ ಗಣಪತಿಯ ಕೈಗೆ ಲಿಂಗ ಕೊಟ್ಟ. ಮೂರು ಸಲ ಕೂಗುತ್ತೇನೆ, ಬಾರದಿದ್ದರೆ ಕೆಳಗಿಡುತ್ತೇನೆ ಎಂದ ಹುಡುಗ ಕೂಗಿದ, ಇಟ್ಟ. ಕಣ್ಣಿಗೆ ಕತ್ತಲು ಕಂಡಿತು, ಹೊತ್ತು ಮುಳುಗಿತೆಂದು ರಾವಣ ತಿಳಿದ. ಅದೇ ಗಣಪತಿಯ ವ್ರತದಲ್ಲಿ ನಾವು ಕಣ್ಣಿಗಿಂತ ಹೊತ್ತನ್ನು ನಂಬುತ್ತೇವೆ.

ಆಕಾಶ ತಿಳಿಯಾಗಿದ್ದರೆ ಒಂದು ನಿಮಿಷ ಸುಮ್ಮನೆ ನೋಡಿ. ಹುಣ್ಣಿಮೆಯ ದುಂಡು ಇರುವುದಿಲ್ಲ. ಮೂಡುವಾಗ ಮೇಲಿನ ಅಂಚು ತುಸು ಕರಗಿರುತ್ತದೆ, ದೂಳಿನ ಪದರದಿಂದ ಎದ್ದು ಬರುವಾಗ ಅರಿಸಿನ ಕಲಸಿದ ಬಣ್ಣ, ಅರ್ಧ ಗಂಟೆಗೆ ಬೆಳ್ಳಗಾಗುತ್ತಾನೆ. ಭಾದ್ರಪದ ಶುದ್ಧ ಚೌತಿಯಂದು ನೋಡಿದರೆ ಅಪವಾದ ಬರುತ್ತದೆಂದು ಮುಖ ತಿರುಗಿಸಿ ಓಡುವುದೂ ಇವನಿಂದಲೇ.

ತಾರೀಕಿಲ್ಲದ ಕಾಯುವಿಕೆ

ಚಂದ್ರೋದಯಕ್ಕೆ ಗಂಟೆಯಿದೆ. ಮಗುವಿಗೆ, ಮದುವೆಗೆ, ತೀರ್ಪಿಗೆ ಅದಿಲ್ಲ. ಆದ್ದರಿಂದ ತಿಂಗಳ ಸಂಕಷ್ಟಿಯನ್ನೇ ಅದರ ಗೂಟ ಮಾಡಿಕೊಳ್ಳಿ. ಒಂದು ನೂರು ಪುಟದ ನೋಟ್‌ಬುಕ್, ಪ್ರತಿ ಸಂಕಷ್ಟಿಗೆ ಒಂದು ಪುಟ. ಮಧ್ಯಾಹ್ನ ಮೂರರ ಹೊತ್ತಿಗೆ ಬರೆಯಿರಿ, ಸಂಜೆ ಬೇಡ, ಆಗ ಹಸಿವು ಮತ್ತು ನಿರಾಶೆ ಒಂದಕ್ಕೊಂದು ಕೈ ಸೇರಿಸುತ್ತವೆ. ಈ ತಿಂಗಳು ಈ ವಿಷಯಕ್ಕೆ ನಾನು ಮಾಡಿದ್ದೇನು, ಮುಂದಿನ ಸಂಕಷ್ಟಿಯೊಳಗೆ ಮಾಡುವ ಒಂದು ಕೆಲಸ ಯಾವುದು, ಯಾವುದು ನನ್ನ ಕೈಯಲ್ಲಿಲ್ಲ. ಮೂರನೆಯದನ್ನು ಬರೆದು ಅದರ ಕೆಳಗೆ ಗೆರೆ ಎಳೆಯಿರಿ, ಸಂಜೆಯ ಅರ್ಘ್ಯ ಅದರದು. ಉಳಿದ ಇಪ್ಪತ್ತೊಂಬತ್ತು ದಿನ ಆ ಪುಟ ತಿರುವಬೇಡಿ. ಆಯ್ಕೆ ಪಟ್ಟಿಗೆ ಕಾಯುವವರು ವೆಬ್‌ಸೈಟನ್ನು ದಿನಕ್ಕೊಮ್ಮೆ, ಅದೂ ಸಂಜೆ ಆರಕ್ಕೆ ನೋಡಿದರೆ ಸಾಕು; ಬೆಳಗ್ಗೆ ನೋಡಿದರೆ ಓದುವ ದಿನ ಹೋಯಿತು.

ಯಾವುದಕ್ಕೆ ಕಾಯಬಾರದು ಎಂಬುದೂ ತಿಳಿದಿರಬೇಕು. “21 ಸಂಕಷ್ಟಿ ಮುಗಿಯಲಿ, ಆಮೇಲೆ ಡಾಕ್ಟರ ಹತ್ತಿರ ಹೋದರಾಯಿತು” ಎನ್ನುವ ಮಾತು ಮಗುವಿಗಾಗಿ ಹಂಬಲಿಸುವ ಮನೆಗಳಲ್ಲಿ ಈಗಲೂ ಇದೆ. ಹೆಂಡತಿಗೆ 35ರ ಒಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ಆಗದಿದ್ದರೆ ತಪಾಸಣೆಗೆ ಹೋಗಬೇಕು ಎನ್ನುವುದು ವೈದ್ಯರ ಲೆಕ್ಕ. 21 ಸಂಕಷ್ಟಿ ಎಂದರೆ ಒಂದು ವರ್ಷ ಏಳೂವರೆ ತಿಂಗಳು ಎಂದು ಮೇಲೆ ನೋಡಿದೆವಲ್ಲ. ಆ ವಯಸ್ಸಿನಲ್ಲಿ ಅಷ್ಟು ಕಾಲ ಸುಮ್ಮನಿರುವುದು ದುಬಾರಿ. ಹೋಗುವುದು ಇಬ್ಬರೂ. ಗಂಡಸಿನ ವೀರ್ಯ ಪರೀಕ್ಷೆ ಇರುವುದರಲ್ಲೇ ಸುಲಭದ್ದು, ಮೊದಲೇ ಮುಗಿಸಿಬಿಡಿ. ಹೆಂಗಸನ್ನು ಎರಡು ವರ್ಷ ಸುತ್ತಿಸಿ ಕೊನೆಗೆ ಅದನ್ನು ಮಾಡಿಸುವ ಮನೆಗಳಿವೆ. ಐವಿಎಫ್ ಮಾಡಿಸಿಕೊಂಡು ಭ್ರೂಣ ಒಳಗಿಟ್ಟ ಮೇಲೆ ರಕ್ತ ಪರೀಕ್ಷೆಗೆ ಒಂಬತ್ತರಿಂದ ಹದಿನಾಲ್ಕು ದಿನ ಕಾಯಬೇಕು. ಅದರ ನಡುವೆ ಸಂಕಷ್ಟಿ ಬಂದರೆ ಉಪವಾಸ ಬಿಡಿ, ಜಪ ಇರಲಿ. ಮನೆಯಲ್ಲಿ ಕಿಟ್ ತಂದು ಐದನೆಯ ದಿನವೇ ನೋಡಬೇಡಿ. ಆಗ ಇಲ್ಲವೆಂದು ತೋರಿಸಿದ್ದಕ್ಕೂ, ಇದೆಯೆಂದು ತೋರಿಸಿದ್ದಕ್ಕೂ ಅರ್ಥವಿರುವುದಿಲ್ಲ. ಚುಚ್ಚುಮದ್ದಿನ ಔಷಧವೇ ಗೆರೆ ಮೂಡಿಸುವುದುಂಟು.

ಹಾಗೆಯೇ ಬಂಧುಗಳಿಗೆ. ಕಾಯುತ್ತಿರುವವರನ್ನು ಕಂಡ ಕೂಡಲೆ “ಇನ್ನೂ ಏನೂ ವಿಶೇಷ ಇಲ್ವಾ?” ಎನ್ನುವುದು ತಾರಸಿಯಲ್ಲಿ ನಿಂತವರಿಗೆ ಐದು ನಿಮಿಷಕ್ಕೊಮ್ಮೆ “ಬಂದನಾ?” ಎಂದು ಕೂಗಿದ ಹಾಗೆ. ಬಂದರೆ ಅವರೇ ಹೇಳುತ್ತಾರೆ. ಅವರ ಜೊತೆ ಕೂತು ಗರಿಕೆ ಆರಿಸಿ, ಕಡುಬಿನ ಹೂರಣಕ್ಕೆ ಕಾಯಿ ತುರಿದುಕೊಡಿ.

ಅರ್ಘ್ಯ ಕೊಟ್ಟಾದ ಮೇಲೆ ಊಟಕ್ಕೆ ಧುಮುಕಬೇಡಿ. ದಿನವಿಡೀ ಖಾಲಿ ಇದ್ದ ಹೊಟ್ಟೆಗೆ ರಾತ್ರಿ ಒಂಬತ್ತೂವರೆಗೆ ಕರಿದ ವಡೆ, ಹುಳಿ, ಎರಡು ಸಲ ಅನ್ನ ಬಿದ್ದರೆ ಹನ್ನೊಂದಕ್ಕೆ ಎದೆಯುರಿ ಖಂಡಿತ. ಮೊದಲು ಎರಡು ಗುಟುಕು ನೀರು, ಒಂದು ಕಡುಬು. ಹತ್ತು ನಿಮಿಷ ಬಿಟ್ಟು ಬಿಸಿ ಅನ್ನ, ತಿಳಿಸಾರು, ತುಪ್ಪ, ಹೆಸರುಬೇಳೆ ಕೋಸಂಬರಿ. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಯಾರಾದರೊಬ್ಬರು ಎದ್ದು ಕ್ಯಾಲೆಂಡರಿನ ಹಾಳೆ ಎತ್ತಿ ನೋಡುತ್ತಾರೆ: ಮುಂದಿನದು ಯಾವ ವಾರ, ಎಷ್ಟು ಗಂಟೆಗೆ.